ದೊಮಿತಿಲಾ ಗುಡಿಸಿದ ಓಕ್ ಬಯಲು

ದೊಮಿತಿಲಾ ತನ್ನ ಯಜಮಾನನ ಮಾತನ್ನು ಒಂದು ಸಲವೂ ಮೀರಿದವಳಲ್ಲ. ಅವನನ್ನು ಹಾಳು ಮಾಡಿದ್ದೂ ಹಾಗೇ.

ಎಸ್ತ್ರೆಮದೂರಾ ಸೀಮೆಯ ಆ ಊರಲ್ಲಿ ಅವಳ ಹೆಸರು ಹೇಳಿದರೆ ಇವತ್ತಿಗೂ ಜನ ಎರಡು ಥರ ಮಾತಾಡುತ್ತಾರೆ. ಅರ್ಧ ಜನ ನಗುತ್ತಾರೆ. ಇನ್ನರ್ಧ ಜನ ನಗು ತಡೆದುಕೊಂಡು ಸುತ್ತ ಯಾರಿದ್ದಾರೆ ಅಂತ ನೋಡುತ್ತಾರೆ. ಅವಳ ಕಥೆ ಶುರುವಾಗುವುದು ಮಾತ್ರ ಅವಳಿಂದಲ್ಲ, ಅವಳ ಅಪ್ಪ ಇಲಾರಿಯೊನಿಂದ.

ಇಲಾರಿಯೊ ಉಂಬ್ರಿಯಾ ಅನ್ನುವ ಇಳಿಜಾರಿನಲ್ಲಿ ಜಮೀನ್ದಾರರ ಕುರಿ ಕಾಯುತ್ತಿದ್ದ. ಅದೊಂದು ಓಕ್ ಬಯಲು. ದೂರ ದೂರಕ್ಕೆ ಒಂದೊಂದು ಹಳೇ ಓಕ್ ಮರ, ನಡುವೆ ಹುಲ್ಲು, ಹುಲ್ಲಿನ ಮೇಲೆ ಕುರಿ, ಚಳಿಗಾಲ ಬಂತೆಂದರೆ ಉದುರಿದ ಓಕ್ ಕಾಯಿ ತಿನ್ನಲು ಕರೀ ಹಂದಿಗಳ ಹಿಂಡು. ಆ ಸೀಮೆಯ ಅನ್ನವೆಲ್ಲ ಅಂಥ ಬಯಲುಗಳಿಂದಲೇ. ಇಲಾರಿಯೊ ಒಳ್ಳೆಯ ಕುರಿಗಾಹಿ. ಆದರೆ ಎರಡು ವಿಷಯದಲ್ಲಿ ಮಹಾ ಹಠಮಾರಿ. ಮೇಸ್ತ್ರಿ ಎಷ್ಟು ಬೈದರೂ ಮುಳ್ಳುಪೊದೆ ಕಡಿಯುತ್ತಿರಲಿಲ್ಲ. ಗೋಧಿ ಕೊಯ್ಲು ಮುಗಿಯಿತೆಂದರೆ ಕುರಿಗಳನ್ನು ಹೊಡೆದುಕೊಂಡು ಕೆಳಗಿನ ಕೂಳೆ ಹೊಲಗಳಿಗೆ ಇಳಿದುಬಿಡುತ್ತಿದ್ದ, ಮೊದಲ ಮಳೆ ಬೀಳುವ ತನಕ ಉಂಬ್ರಿಯಾ ಕಡೆ ತಲೆ ಹಾಕುತ್ತಿರಲಿಲ್ಲ.

"ಅಪ್ಪಾ, ಈ ಪೊದೆ ಯಾಕೆ ಕಡಿಯಲ್ಲ ನೀನು? ಮೇಸ್ತ್ರಿ ದಿನಾ ಕೂಗಾಡ್ತಾನೆ" ಅಂತ ಪುಟ್ಟ ದೊಮಿತಿಲಾ ಒಂದು ದಿನ ಕೇಳಿದಳು.

"ಬಗ್ಗಿ ಒಳಗೆ ನೋಡು."

ಬಗ್ಗಿ ನೋಡಿದರೆ ಮುಳ್ಳಿನ ನಡುವೆ ಒಂದು ಗೇಣುದ್ದದ ಓಕ್ ಸಸಿ. ನಾಲ್ಕೇ ಎಲೆ, ಅಂಚಿಗೆಲ್ಲ ಚುಚ್ಚು ಹಲ್ಲು.

"ಪಾಪು ಮಲಗಿದೆ ಕಣೆ. ಕದ ತೆಗೀಬಾರ್ದು" ಅಂದ ಇಲಾರಿಯೊ. "ಆಗಸ್ಟಲ್ಲಿ ಬಯಲೆಲ್ಲ ಒಣಗಿ ಬೆಳ್ಳಗಾದಾಗ ಹಸಿರಾಗಿ ಇರೋದು ಇದೊಂದೇ. ಕುರಿಗೇನು ಗೊತ್ತಾಗುತ್ತೆ ಇದು ನಾಳೆ ಮರ ಆಗುತ್ತೆ ಅಂತ? ಹಸಿರು ಕಂಡ್ರೆ ಬಾಯಿ ಹಾಕುತ್ತೆ. ಅದಕ್ಕೇ ಮುಳ್ಳೂ ಬೇಕು, ಬೇಸಿಗೇಲಿ ನಾವು ಕೆಳಗೆ ಇಳೀಲೂ ಬೇಕು."

ಅದೇ ಬಯಲಲ್ಲಿ ಹಂದಿ ಕಾಯುತ್ತಿದ್ದವನು ಎವರಿಸ್ತೊ. ವಯಸ್ಸಿನ ಹುಡುಗ, ಬಾಯಿ ತುಂಬಾ ನಗು, ಎಲ್ಲರಿಗೂ ಬೇಕಾದವನು. ಅವನು ಕದ್ದುಮುಚ್ಚಿ ಹಸಿ ಓಕ್ ಕೊಂಬೆ ಕಡಿದು, ಹಳ್ಳದ ಆಚೆ ಮಣ್ಣು ಮುಚ್ಚಿ ಸುಟ್ಟು, ಇದ್ದಿಲು ಮಾಡಿ ಮಾರುತ್ತಿದ್ದ. ಒಂದು ಬೆಳಿಗ್ಗೆ ನೀರಿಗೆ ಹೋದ ದೊಮಿತಿಲಾ ಅವನ ಕತ್ತೆಯ ಬೆನ್ನ ಮೇಲೆ ಇದ್ದಿಲ ಚೀಲ ಕಂಡಳು. ಅವನೂ ಅವಳನ್ನು ಕಂಡ. ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದ.

ಕಡಿದ ಕೊಂಬೆಗಳು ಮೇಸ್ತ್ರಿಯ ಕಣ್ಣಿಗೆ ಬಿದ್ದಾಗ ಎವರಿಸ್ತೊನೇ ಮುಂದಾಗಿ ಹೋಗಿ ಹೇಳಿದ, ಇದು ಇಲಾರಿಯೊನ ಕೆಲಸ ಅಂತ. ಪೊದೆ ಯಾಕೆ ಕಡಿಯಲ್ಲ ಅಂತೀರಿ ಯಜಮಾನ್ರೆ, ಪೊದೆ ಒಳಗೇ ತಾನೆ ಅವನು ಕೊಡಲಿ ಬಚ್ಚಿಡೋದು! ಪೊಲೀಸರು ಬಂದರು. ಇಲಾರಿಯೊನನ್ನು ಕರೆದುಕೊಂಡು ಹೋದರು. ವಾಪಸ್ಸು ಬಂದಾಗ ಅವನ ಒಂದು ಕಿವಿ ಕೇಳುತ್ತಿರಲಿಲ್ಲ. "ಎವರಿಸ್ತೊ ಇದ್ದಿಲು ಹೊತ್ಕೊಂಡು ಹೋಗಿದ್ದು ನಾನು ನೋಡಿದೀನಿ, ಹೇಳ್ತೀನಿ" ಅಂತ ಮಗಳು ಎದ್ದು ನಿಂತರೆ ಅಪ್ಪ ಅವಳ ಬಾಯಿಗೆ ಕೈ ಅಡ್ಡ ಇಟ್ಟ. "ಬೇಡ. ನಿನ್ನ ಮಾತು ಯಾರೂ ನಂಬಲ್ಲ, ನಿನಗೂ ಹೊಡೀತಾರೆ ಅಷ್ಟೇ."

ಬಯಲಿನ ಗುಡಿಸಲು ಬಿಟ್ಟು ಊರ ಹಿಂದಿನ ಓಣಿಗೆ ಬಂದರು. ಕುರಿಗಾಹಿ ಇಟ್ಟಿಗೆ ಗೂಡಿನ ಕೂಲಿಯಾದ. ಊರು ಅವನಿಗೆ 'ಇದ್ದಿಲ ಇಲಾರಿಯೊ' ಅಂತ ಹೆಸರಿಟ್ಟಿತು. ಮಗಳು ಹಾದಿಯಲ್ಲಿ ಹೋದರೆ ಹುಡುಗರು ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದರು, ಹೊಗೆ ಹೊಗೆ ಅಂತ. ಗೂಡಿನ ಧೂಳು ಎದೆಯಲ್ಲಿ ಕೂತು ಇಲಾರಿಯೊ ಬೇಗ ಹೋದ. ಹೆಣ ಎತ್ತುವಾಗ ಒಬ್ಬರು ಕಡಿಮೆಯಾದರು. ಆಗ ಜನರ ನಡುವಿನಿಂದ ಟೋಪಿ ತೆಗೆದು ಮುಂದೆ ಬಂದು ಹೆಗಲು ಕೊಟ್ಟವನು ಯಾರು ಅಂದುಕೊಂಡಿರಿ? ಎವರಿಸ್ತೊ. ಕಣ್ಣಲ್ಲಿ ನೀರು ಬೇರೆ.

ಸ್ಮಶಾನದವರೆಗೆ ದೊಮಿತಿಲಾ ಆ ಹೆಗಲನ್ನೇ ನೋಡುತ್ತ ನಡೆದಳು. ಅಳಲಿಲ್ಲ. ಅವತ್ತು ಅವಳ ಎದೆಯಲ್ಲಿ ಬಿದ್ದ ಕೆಂಡ ಮತ್ತೆ ಯಾವತ್ತೂ ಆರಲಿಲ್ಲ.

ವರ್ಷಗಳು ಕಳೆದವು. ಎವರಿಸ್ತೊ ಹಂದಿ ಕಾಯುವುದು ಬಿಟ್ಟು ಮೇಸ್ತ್ರಿಯಾದ. ಜಮೀನ್ದಾರರ ಮಕ್ಕಳು ಮ್ಯಾಡ್ರಿಡ್ ಸೇರಿ ಬಯಲನ್ನು ತುಂಡು ತುಂಡಾಗಿ ಮಾರತೊಡಗಿದಾಗ ಉಂಬ್ರಿಯಾ ಮತ್ತು ಅದರ ಪಕ್ಕದ ಇಳಿಜಾರನ್ನು ಅವನೇ ಕೊಂಡ. ದೊಮಿತಿಲಾ ಮದುವೆಯಾಗಲಿಲ್ಲ. ಕಾಯಿಲೆಯ ಅಮ್ಮನನ್ನು ನೋಡಿಕೊಂಡು, ನಾಲ್ಕು ಮೇಕೆ ಸಾಕಿ, ಅವುಗಳ ಹಾಲಿನ ಗಿಣ್ಣು, ಅಂದರೆ ಚೀಸ್, ಮಾಡಿ ಮಾರಿ ಬದುಕಿದಳು. ಮನಸ್ಸಲ್ಲಿ ಮಾತ್ರ ದಿನಾ ಒಂದೊಂದು ಉಪಾಯ. ಅವನ ಹುಲ್ಲಿನ ಬಣವೆಗೆ ಬೆಂಕಿ ಇಟ್ಟರೆ? ಹಂದಿಗಳಿಗೆ ವಿಷ ಹಾಕಿದರೆ? ಎಲ್ಲವೂ ಒಂದೇ ದಿನದಲ್ಲಿ ಮುಗಿದುಹೋಗುವ ಕೆಲಸ, ಮಾರನೇ ದಿನ ಪೊಲೀಸರು ಬಾಗಿಲಿಗೆ. ಅವಳಿಗೆ ಬೇಕಾಗಿದ್ದುದು ನಿಧಾನವಾಗಿ ಒಳಗಿಳಿಯುವಂಥದ್ದು, ಅವನ ಮೊಮ್ಮಕ್ಕಳವರೆಗೂ ಮುಟ್ಟುವಂಥದ್ದು.

ಅದನ್ನು ಅವನೇ ತಂದು ಅವಳ ಬಾಗಿಲಲ್ಲಿ ಇಟ್ಟ.

"ದೊಮಿ, ಇದೀಯೇನಮ್ಮ?" ಅಂತ ಬಂದು ಕದ ತಟ್ಟಿದ. ಹೊಟ್ಟೆ ಬಂದಿತ್ತು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. "ಕುರಿ ಕಾಯೋಕೆ ಒಂದು ನರಪಿಳ್ಳೆ ಸಿಗ್ತಿಲ್ಲ ನೋಡು. ಎಲ್ಲಾ ಜರ್ಮನಿ, ಬಾರ್ಸಿಲೋನಾ ಅಂತ ಓಡಿಹೋದ್ರು. ನಿನಗೆ ಕುರಿ ಗೊತ್ತಲ್ಲ?"

"ಗೊತ್ತು."

"ಬಾ ಹಾಗಾದ್ರೆ. ಒಂದೇ ಮಾತು, ಬೇಜಾರು ಮಾಡ್ಕೋಬೇಡ. ನಿಮ್ಮಪ್ಪನ ಥರ ಮಾಡ್ಬಾರ್ದು. ಒಳ್ಳೆ ಮನುಷ್ಯ ಪಾಪ, ಆದ್ರೆ ಕೊಳಕು ಕೆಲಸ. ಎಲ್ಲಿ ನೋಡಿದ್ರೂ ಪೊದೆ, ಮುಳ್ಳು. ನನಗೆ ಬಯಲು ತೊಳೆದಿಟ್ಟ ತಟ್ಟೆ ಥರ ಇರ್ಬೇಕು. ಮತ್ತೆ ಬೇಸಿಗೇಲಿ ಕೂಳೆ ಹೊಲಕ್ಕೆ ಅಂತ ಕುರಿ ಇಳಿಸೋದು ಬೇಡ. ನನ್ನ ಹುಲ್ಲು ಇದೆ, ನನ್ನ ಕುರಿ ಇಲ್ಲೇ ಮೇಯ್ಲಿ. ಊರವರ ಹೊಲಕ್ಕೆ ನಾನ್ಯಾಕೆ ಗೊಬ್ಬರ ಕೊಡ್ಲಿ?"

ಅವನು ಏನು ಕೇಳುತ್ತಿದ್ದಾನೆ ಅಂತ ಅವನಿಗೇ ಗೊತ್ತಿರಲಿಲ್ಲ. ಹಂದಿ ಕಾದವನ ಕಣ್ಣು ಯಾವಾಗಲೂ ಮರದ ಮೇಲೆ, ಕಾಯಿಯ ಮೇಲೆ. ಸಸಿ ನೋಡಿ ಅಭ್ಯಾಸವೇ ಇಲ್ಲ.

"ತಟ್ಟೆ ಥರಾನೇ ಇಡ್ತೀನಿ ಯಜಮಾನ್ರೆ" ಅಂದಳು.

ಕದ ಹಾಕಿಕೊಂಡು ಅವಳು ತಲೆವಸ್ತ್ರದ ತುದಿಯಿಂದ ಬಾಯಿ ಒತ್ತಿಕೊಂಡು ನಕ್ಕಳು. ಅಮ್ಮ ಒಳಗಿಂದ "ಏನಾಯ್ತೇ?" ಅಂತ ಕೂಗಿದರೂ ನಗು ನಿಲ್ಲಲಿಲ್ಲ. ಬೆಂಕಿ ಇಟ್ಟರೆ ಓಕ್ ಸಾಯುವುದಿಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ಕೊಡಲಿ ಹಾಕಿದರೂ ಚಿಗುರುತ್ತದೆ. ಆದರೆ ಮರಿ ಹುಟ್ಟಿದ ವರ್ಷವೇ ಅದನ್ನು ತಿಂದು, ಮುಂದಿನ ವರ್ಷದ್ದನ್ನೂ ತಿಂದು, ಅದರ ಮುಂದಿನದನ್ನೂ ತಿಂದರೆ? ಮುದಿ ಮರಗಳು ಹಾಗೇ ನಿಂತಿರುತ್ತವೆ, ಕಾಯಿ ಬಿಡುತ್ತವೆ, ನೋಡಿದವರು ಆಹಾ ಅನ್ನುತ್ತಾರೆ. ಒಳಗೊಳಗೇ ವಂಶ ನಿಂತುಹೋಗಿರುತ್ತದೆ. ಎವರಿಸ್ತೊ ಬಾಯಿ ಬಿಟ್ಟರೆ ಮೊಮ್ಮಗ ದಮಿಯಾನ್‌ನ ಹೆಸರು. 'ನನ್ನ ದಮಿಯಾನ್‌ನ ಹಂದಿ ಈ ಮರದ ಕಾಯಿ ತಿನ್ನುತ್ವೆ, ಅವನ ಮಕ್ಕಳ ಹಂದಿ ಇದರ ಮಕ್ಕಳ ಕಾಯಿ ತಿನ್ನುತ್ವೆ.' ತಿನ್ನಲಿ ನೋಡೋಣ.

ಮೊದಲ ವರ್ಷ ಗುದ್ದಲಿ ಹಿಡಿದು ಪೊದೆಗಳನ್ನೆಲ್ಲ ಬೇರು ಸಮೇತ ಕಿತ್ತಳು. ಅಪ್ಪ ಕಾಪಾಡಿದ್ದ ಪೊದೆಗಳು. ಕೆಲವದರ ಒಳಗೆ ಸೊಂಟದೆತ್ತರ ಬೆಳೆದ ಎಳೆ ಓಕ್‌ಗಳಿದ್ದವು. ಮುಳ್ಳಿನ ಕದ ತೆಗೆದ ಮೇಲೆ ಅವಳು ಜೊತೆಗೆ ತಂದಿದ್ದ ಮೇಕೆಗಳು ಅವುಗಳ ತುದಿ ಕಚ್ಚಿ, ಸಿಪ್ಪೆ ಸುಲಿದು, ಒಂದೇ ಬೇಸಿಗೆಯಲ್ಲಿ ಒಣ ಕಡ್ಡಿ ಮಾಡಿದವು. ಆಗಸ್ಟಿನ ಬಿಸಿಲಿಗೆ ಬೇರೆ ಕುರಿಗಾಹಿಗಳೆಲ್ಲ ಕೆಳಗೆ ಹಳ್ಳದ ನೆರಳು ಸೇರಿದರೆ ದೊಮಿತಿಲಾ ಒಬ್ಬಳೇ ಮೇಲೆ, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಕುರಿಗಳನ್ನು ಮರದ ಬುಡದಿಂದ ಬುಡಕ್ಕೆ ಓಡಿಸುತ್ತಿದ್ದಳು. ಹೋದ ವರ್ಷದ ಕಾಯಿ ಮೊಳೆತು ಎದ್ದ ಸಸಿಗಳು ನೆರಳಿನಂಚಿನಲ್ಲಿ ಹಸಿರು ಚುಕ್ಕಿ ಇಟ್ಟ ಹಾಗೆ ಇರುತ್ತಿದ್ದವು. ಒಂದು ಚುಕ್ಕಿ ಹೋದರೆ ಅವಳ ಹೊಟ್ಟೆಯಲ್ಲಿ ಒಂದು ಗುಟುಕು ತಣ್ಣೀರು ಬಿದ್ದಂತೆ.

ಒಂದೇ ಒಂದು ಸಲ ಕೈ ತಡೆಯಿತು. ಎರಡು ಬಂಡೆಗಳ ಸಂದಿಯಲ್ಲಿ, ಯಾವ ಕುರಿಯ ಬಾಯಿಗೂ ನಿಲುಕದ ಕಡೆ, ಒಂದು ಮರಿ ಓಕ್ ಮೊಣಕಾಲೆತ್ತರ ಬಂದುಬಿಟ್ಟಿತ್ತು. ಎಷ್ಟು ವರ್ಷದಿಂದ ಅಡಗಿತ್ತೋ. ಅವಳು ಬಂಡೆಯ ಮೇಲೆ ಕೂತು ಅದನ್ನು ನೋಡಿದಳು. ಅದೂ ನೋಡಿದ ಹಾಗಿತ್ತು. "ನಿನ್ನ ತಪ್ಪೇನಿಲ್ಲ" ಅಂದಳು ಜೋರಾಗಿ. ಆಮೇಲೆ ತನ್ನ ಮೇಕೆ ಪಲೋಮಾಳನ್ನು ಎತ್ತಿ ಬಂಡೆಯ ಮೇಲೆ ಬಿಟ್ಟಳು. ಪಲೋಮಾ ಕೆಲಸ ಮುಗಿಸಿತು. ಮನೆಗೆ ಬಂದು ಬೆಳ್ಳುಳ್ಳಿ ಹಾಕಿ ಬಾಡಿಸಿದ ಬ್ರೆಡ್ಡಿನ ಚೂರು ತಟ್ಟೆಗೆ ಹಾಕಿಕೊಂಡವಳು ಅದನ್ನು ಹಾಗೇ ನಾಯಿಯ ಮುಂದಿಟ್ಟಳು. ಅಪ್ಪ ಎದುರಿಗೆ ಕೂತಿದ್ದರೆ ಏನು ಹೇಳುತ್ತಿದ್ದ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಆ ಕಡೆ ಯೋಚನೆ ಹೋಗಲು ಬಿಡಲಿಲ್ಲ.

ಊರಲ್ಲಿ ಮಾತ್ರ ಹೊಗಳಿಕೆಯೋ ಹೊಗಳಿಕೆ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಹೆಂಡದಂಗಡಿಯಲ್ಲಿ ಎವರಿಸ್ತೊನ ದರ್ಬಾರು.

"ನನ್ನ ಉಂಬ್ರಿಯಾದಲ್ಲಿ ಈ ತುದೀಲಿ ಮೊಲ ಕೂತ್ರೆ ಆ ತುದಿಯಿಂದ ಅದರ ಕಿವಿ ಕಾಣುತ್ತೆ! ಅಷ್ಟು ಕ್ಲೀನು!" ಅಂತ ಮೇಜು ಗುದ್ದಿದ. "ಯಾರ ಕೈಗುಣ ಗೊತ್ತಾ? ನಮ್ಮ ದೊಮೀದು. ಅಪ್ಪನ್ನ ನೋಡಿ ಮಗಳನ್ನ ಅಳೀಬಾರ್ದು ಕಣ್ರೋ."

ಎಲ್ಲರೂ ತಲೆಯಾಡಿಸಿದರು. ಗಿಣ್ಣು ಕೊಡಲು ಬಂದಿದ್ದ ದೊಮಿತಿಲಾ ಬಾಗಿಲ ಹತ್ತಿರವೇ ನಿಂತಳು. ಮೂಲೆಯಲ್ಲಿ ಮುದುಕ ನಿಕಾಸಿಯೊ ಆಲಿವ್ ಬೀಜ ಉಗಿಯುತ್ತ ಕೂತಿದ್ದ. ಜೀವಮಾನವೆಲ್ಲ ಓಕ್ ಕೊಂಬೆ ಸವರುವ ಕೆಲಸ ಮಾಡಿದವನು, ಇಲಾರಿಯೊನ ಗೆಳೆಯ.

"ಎಲ್ಲಾ ಸರಿ ಎವರಿಸ್ತೊ. ಮರಿಗಳೆಲ್ಲಿ?"

"ಯಾವ ಮರಿ? ಕುರಿಮರೀನಾ?"

"ಮರದ ಮರಿ ಕಣಯ್ಯ. ನಿನ್ನ ಬಯಲಲ್ಲಿ ಬರೀ ತಾತಂದಿರೇ ಕಾಣ್ತಾರಲ್ಲ."

ದೊಮಿತಿಲಾ ಇನ್ನೇನು ಎಲ್ಲ ಬಯಲಾಯಿತು ಅಂದುಕೊಂಡಳು. ಎವರಿಸ್ತೊ ಮಾತ್ರ ಹೊಟ್ಟೆ ಕುಲುಕಿಸಿ ನಕ್ಕ. "ಅಯ್ಯೋ ಮುದುಕಪ್ಪ, ಓಕ್ ಮರ ಮುನ್ನೂರು ವರ್ಷ ಬದುಕುತ್ತೆ. ನಿನಗೇನು ಅರ್ಜೆಂಟು? ನೀನು ಹೊರಡೋದು ಮೊದಲು!"

ಅಂಗಡಿಯೆಲ್ಲ ನಕ್ಕಿತು. ನಿಕಾಸಿಯೊ ಮಾತ್ರ ನಗದೆ ಬಾಗಿಲ ಕಡೆ ತಿರುಗಿ ದೊಮಿತಿಲಾಳನ್ನು ನೋಡಿದ. ಹೊರಗೆ ಬಂದವನು ಅವಳನ್ನು ಓಣಿಯ ತಿರುವಿನಲ್ಲಿ ಹಿಡಿದ.

"ಬೇಕೂಂತ ಮಾಡ್ತಿದೀಯ ನೀನು."

"ಯಜಮಾನ್ರು ಹೇಳಿದ್ದು ಮಾಡ್ತಿದೀನಿ ನಿಕಾಸಿಯೊ ಮಾವ."

"ನನ್ನ ಹತ್ರ ನಾಟಕ ಬೇಡ. ನಿನ್ನ ಮೂಗು ಒರೆಸಿದವನು ನಾನು. ಆ ಮರ ಏನೇ ಮಾಡಿತ್ತು ನಿನಗೆ?"

"ಮರ ಏನೂ ಮಾಡಿಲ್ಲ" ಅಂದಳು ದೊಮಿತಿಲಾ. "ಅಪ್ಪನೂ ಏನೂ ಮಾಡಿರ್ಲಿಲ್ಲ."

ನಿಕಾಸಿಯೊ ಯಾರಿಗೂ ಹೇಳಲಿಲ್ಲ. ಆದರೆ ಆಮೇಲೆ ತುಂಬ ದಿನ ಅವಳ ಗಿಣ್ಣು ಕೊಳ್ಳಲಿಲ್ಲ.

ಮುನ್ನೂರು ವರ್ಷ ಬದುಕುತ್ತವೆ ಅಂದಿದ್ದ ಮರಗಳಿಗೆ ಬೇರು ಕೊಳೆಯುವ ರೋಗ ಬಂತು. ಸುತ್ತಲಿನ ಬಯಲುಗಳಿಗೆಲ್ಲ ಬಂದಿತ್ತು, ಉಂಬ್ರಿಯಾಕ್ಕೂ ಬಂತು. ವಸಂತದಲ್ಲಿ ಚೆನ್ನಾಗಿದ್ದ ಮರ ಬೇಸಿಗೆಯ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿ ನಿಂತಲ್ಲೇ ಸಾಯುತ್ತಿತ್ತು. ಒಂದು ಹೋಯಿತು, ಪಕ್ಕದ್ದು ಹೋಯಿತು, ಹಲ್ಲು ಬಿದ್ದ ಬಾಯಿಯ ಹಾಗೆ ಇಳಿಜಾರಿನಲ್ಲಿ ಸಂದಿಗಳು ಕಾಣಿಸಿಕೊಂಡವು. ಬೇರೆಯವರ ಬಯಲಲ್ಲಿ ಆ ಸಂದಿಯಲ್ಲಿ ಒಂದೋ ಎರಡೋ ಎಳೆ ಮರ ತಲೆ ಎತ್ತುತ್ತಿದ್ದವು. ಇಲ್ಲಿ ಹುಲ್ಲು, ಬರೀ ಹುಲ್ಲು.

ಎವರಿಸ್ತೊಗೆ ಆಗ ನಡೆಯಲು ಕಷ್ಟ. ಮೊಮ್ಮಗ ದಮಿಯಾನ್ ಜೀಪಿನಲ್ಲಿ ಕೂರಿಸಿಕೊಂಡು ಬಂದು, ಅಜ್ಜನನ್ನು ಒಂದು ಸತ್ತ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಬೇಲಿ ನೋಡಲು ಹೋದ. ಮುದುಕ ಸುತ್ತ ಕಣ್ಣಾಡಿಸಿದ. ಕೋಲಿನಿಂದ ಹುಲ್ಲು ಸರಿಸಿದ. ಆಮೇಲೆ ಕೂಗಿದ.

"ದೊಮಿ! ಬಾ ಇಲ್ಲಿ. ಮರಿ ಒಂದೂ ಇಲ್ವಲ್ಲೇ?"

"ಇಲ್ಲ ಯಜಮಾನ್ರೆ."

"ಒಂದೂ?"

"ಒಂದೂ ಇಲ್ಲ."

ಎಷ್ಟೋ ವರ್ಷದಿಂದ ಅವಳು ಕಾಯುತ್ತಿದ್ದ ಗಳಿಗೆ ಇದೇ. ಗೊತ್ತಾಗದ ಸೇಡು ಸೇಡೇ ಅಲ್ಲ. ಅವಳು ಕುರ್ಚಿಯ ಎದುರು ನೆಲದ ಮೇಲೆ ಕೂತಳು, ಅವನ ಮುಖ ಸರಿಯಾಗಿ ಕಾಣಲಿ ಅಂತ.

"ನಾನೇ ತಿನ್ನಿಸ್ದೆ. ಹುಟ್ಟಿದ್ದು ಹುಟ್ಟಿದ ಹಾಗೆ. ತಟ್ಟೆ ಥರ ಇರ್ಲಿ ಅಂದ್ರಲ್ಲ, ತಟ್ಟೆ ಮಾಡಿದೀನಿ. ಇನ್ನು ಇದರಲ್ಲಿ ಊಟ ಹಾಕೋರಿಲ್ಲ. ನಿಮ್ಮ ದಮಿಯಾನ್ ಮುದುಕ ಆಗೋ ಹೊತ್ತಿಗೆ ಇಲ್ಲಿ ಕಾಯಿ ಬಿಡೋಕೆ ಮರ ಇರಲ್ಲ. ಇದ್ದಿಲು ಯಾರು ಮಾರಿದ್ರು ಅಂತ ನನಗೆ ಗೊತ್ತು, ನಿಮಗೂ ಗೊತ್ತು. ಇಲಾರಿಯೊನ ಮಗಳು ಇದು ಮಾಡಿದ್ದು."

ಮುದುಕ ಅಲುಗಲಿಲ್ಲ. ಅವನು ಅಳಲಿ, ಬೈಯಲಿ, ಕೋಲು ಎತ್ತಲಿ ಅಂತ ಅವಳು ಕಾದಳು. ಅವನ ಎದೆಯಿಂದ ಗೊರಗೊರ ಸದ್ದು ಬಂತು. ಅಳು ಅಂದುಕೊಂಡಳು. ನೋಡಿದರೆ ನಗು.

"ಅವತ್ತು ಇದ್ದಿಲು ನೀನು ನೋಡಿದ್ದು ಮರೆತಿದೀನಿ ಅಂದ್ಕೊಂಡ್ಯಾ?" ಅಂದ, ಕೆಮ್ಮುತ್ತ. "ನಿನಗೆ ಕೆಲಸ ಕೊಟ್ಟಿದ್ದು ಯಾಕೆ ಮತ್ತೆ? ನನ್ನ ಬ್ರೆಡ್ಡು ಬಾಯಲ್ಲಿದ್ರೆ ಮಾತು ಹೊರಗೆ ಬರಲ್ಲ ಅಂತ. ಬರ್ಲಿಲ್ಲ ನೋಡು, ಇವತ್ತಿನ ತನಕ." ಸ್ವಲ್ಪ ಹೊತ್ತು ಅವಳನ್ನೇ ದಿಟ್ಟಿಸಿದ. "ಪರವಾಗಿಲ್ಲ ಕಣೆ. ನಿಮ್ಮಪ್ಪನಿಗಿಂತ ಗಟ್ಟಿ ನೀನು."

ಅಷ್ಟರಲ್ಲಿ ದಮಿಯಾನ್ ಬಂದ. ಜೀಪು ಹೊರಟಿತು. ದೊಮಿತಿಲಾ ಅಲ್ಲೇ ಕೂತಿದ್ದಳು. ಗೆದ್ದೆನೋ ಸೋತೆನೋ ಅವಳಿಗೇ ತಿಳಿಯಲಿಲ್ಲ.

ಚಳಿಗಾಲದಲ್ಲಿ ಎವರಿಸ್ತೊ ಸತ್ತ. ಉಯಿಲು ಓದುವಾಗ ದೊಮಿತಿಲಾಳನ್ನೂ ಕರೆಸಿದರು. ಆಸ್ತಿಯ ಮೂರರಲ್ಲಿ ಒಂದು ಪಾಲನ್ನು ಯಾರಿಗೆ ಬೇಕಾದರೂ ಕೊಡಬಹುದು ಅಂತ ಅಲ್ಲಿಯ ಕಾನೂನು. ಮುದುಕ ಆ ಪಾಲಿಗೆ ಉಂಬ್ರಿಯಾ ಬರೆಸಿ ದೊಮಿತಿಲಾಳ ಹೆಸರಿಗೆ ಇಟ್ಟಿದ್ದ. 'ಇಷ್ಟು ವರ್ಷ ಅಷ್ಟೊಂದು ಚೊಕ್ಕಟವಾಗಿ ನೋಡಿಕೊಂಡಿದ್ದಕ್ಕೆ.' ಓದಿದ ವಕೀಲರು ಕನ್ನಡಕ ತೆಗೆದು ಅವಳ ಕಡೆ ಮೆಚ್ಚುಗೆಯಿಂದ ನಕ್ಕರು. ದಮಿಯಾನ್‌ಗೆ ಪಕ್ಕದ ಇಳಿಜಾರು ಬಂತು. ಅದನ್ನೂ ದೊಮಿತಿಲಾಳೇ ಮೇಯಿಸಿದ್ದು, ಅದೂ ಅಷ್ಟೇ ಬೋಳು.

ದೊಮಿತಿಲಾಳ ಮೈ ಉರಿದುಹೋಯಿತು. ಅವಳು ಹಾಳು ಮಾಡಿದ್ದನ್ನೆಲ್ಲ ಸಾಯುವ ಮುಂಚೆ ಗಂಟು ಕಟ್ಟಿ ಅವಳ ಮಡಿಲಿಗೇ ಹಾಕಿ ಹೋಗಿದ್ದ ಅವನು! ತಗೋ, ಸಾಯ್ತಿರೋ ಮರ ನಿಂದು, ಹುಟ್ಟದ ಮರೀನೂ ನಿಂದು. ಅದಕ್ಕಿಂತ ಹೆಚ್ಚು ಉರಿದದ್ದು ಊರಿನ ಮಾತು. ಬ್ರೆಡ್ಡಿನ ಅಂಗಡಿಯ ಹೆಂಗಸು ಅವಳ ಕೈ ಹಿಡಿದು ಕಣ್ಣೊರೆಸಿಕೊಂಡಳು. "ದೇವರಂಥ ಮನುಷ್ಯ ಕಣೇ ದೊಮಿ! ಕೆಲಸದವರಿಗೆ ಜಮೀನು ಬಿಟ್ಟುಹೋಗೋರು ಯಾರಿದಾರೆ ಈ ಕಾಲದಲ್ಲಿ? ನಿಮ್ಮಪ್ಪ ಅಂಥಾ ಕೆಲಸ ಮಾಡಿದ್ರೂ ಮನಸ್ಸಲ್ಲಿ ಇಟ್ಕೊಳ್ಳಲಿಲ್ಲ ನೋಡು." ಪಾದ್ರಿ ಭಾನುವಾರ ಅವನ ಉದಾರ ಗುಣದ ಮೇಲೆ ಮಾತಾಡಿದರು. ಇದ್ದಿಲು ಕದ್ದವನು ಸಂತನಾಗಿಬಿಟ್ಟ. ಅವಳು ನಿಜ ಹೇಳಿದರೆ ಈಗ ಅನ್ನುವುದೊಂದೇ ಮಾತು: ತಿಂದ ಮನೆಗೆ ಎರಡು ಬಗೆದವಳು.

ಒಂದು ವಾರ ಅವಳು ಮನೆಯಿಂದ ಆಚೆ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎದ್ದು, ಮೇಕೆಗಳನ್ನೆಲ್ಲ ಕೊರಳ ಗಂಟೆ ಸಮೇತ ಮಾರಿದಳು. ಪಲೋಮಾಳ ಮೊಮ್ಮಕ್ಕಳನ್ನು ಕೂಡ. ಗುದ್ದಲಿಯನ್ನು ಅಟ್ಟಕ್ಕೆ ಎಸೆದಳು. ಸಿಟ್ಟಲ್ಲಿ ನಿರ್ಧಾರ ಮಾಡಿಬಿಟ್ಟಿದ್ದಳು. ಅವನು ಮಣ್ಣೊಳಗೆ ಮಲಗಿಕೊಂಡು ನಗುತ್ತಿದ್ದಾನೆ ತಾನೇ, ಆ ನಗು ನಿಲ್ಲಬೇಕು. ಉಂಬ್ರಿಯಾದಲ್ಲಿ ಮರಿ ಏಳಬೇಕು.

ಪೊದೆಗಳು ಬಂದವು. ಕರೆಯದೆ ಬರುವುದೇ ಪೊದೆಯ ಗುಣ. ಎರಡು ಮೂರು ವಸಂತ ಕಳೆಯುವಷ್ಟರಲ್ಲಿ ತೊಳೆದ ತಟ್ಟೆಯ ಮೇಲೆ ಮುಳ್ಳು, ಬಳ್ಳಿ, ಬಿಳಿ ಹೂವಿನ ಕುರುಚಲು ಎಲ್ಲ ಹರಡಿದವು. ಉಳಿದ ಮರಗಳು ಉದುರಿಸಿದ ಕಾಯಿಗಳನ್ನು ಆರಿಸಿ, ಬಕೆಟ್ ನೀರಿಗೆ ಹಾಕಿ, ತೇಲಿದ್ದನ್ನು ಎಸೆದು ಮುಳುಗಿದ್ದನ್ನು ಉಳಿಸಿಕೊಂಡಳು. ಮೊಣಕೈವರೆಗೂ ಮುಳ್ಳು ಗೀರಿಸಿಕೊಂಡು ಪ್ರತಿ ಪೊದೆಯ ಹೊಟ್ಟೆಯೊಳಗೆ ಒತ್ತಿದಳು, ಒಂದೊಂದಕ್ಕೂ ಒಂದೊಂದು ಬೈಗುಳ. "ಇದು ನಿನ್ನ ಹೆಗಲಿಗೆ. ಇದು ನಿನ್ನ ಕಣ್ಣೀರಿಗೆ. ಇದು ಆ ಉಯಿಲಿಗೆ, ಹಂದಿ ಕಾಯೋನೇ." ಮೇಕೆ ಮಾರಿದ ದುಡ್ಡಲ್ಲಿ ಕೊಂಡ ಕುರಿಗಳನ್ನು ಬೇಸಿಗೆ ಬಂದರೆ ಕೂಳೆ ಹೊಲಕ್ಕೆ ಇಳಿಸುತ್ತಿದ್ದಳು.

ಊರು ಮತ್ತೆ ಬಾಯಿ ಬಿಟ್ಟಿತು. ಪಾಪ ಎವರಿಸ್ತೊ ಚಿನ್ನದಂಥ ಬಯಲು ಕೊಟ್ಟ, ಈ ಮುದುಕಿ ಕಾಡು ಮಾಡಿಟ್ಟಳು, ಅಪ್ಪನ ಕೊಳಕು ರಕ್ತ ಎಲ್ಲಿಗೆ ಹೋಗುತ್ತೆ! ಅದನ್ನು ಕೇಳಿದಾಗಲೆಲ್ಲ ದೊಮಿತಿಲಾಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ನಿಕಾಸಿಯೊ ಆಗ ಬಿಸಿಲು ಕಾಯುತ್ತ ಕಟ್ಟೆಯ ಮೇಲೆ ಕೂರುವಷ್ಟು ಹಣ್ಣಾಗಿದ್ದ. "ಈಗ ಯಾರ ಮೇಲೇ ಸಿಟ್ಟು?" ಅಂತ ಕೇಳಿದ.

"ಅವನ ಮೇಲೇ."

"ಸತ್ತೋದ್ನಲ್ಲೇ!"

"ಅವನು ಸತ್ತ. ನಾನಿನ್ನೂ ಸತ್ತಿಲ್ವಲ್ಲ ಮಾವ."

ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕು, "ಒಂದು ಗಿಣ್ಣು ಕಳಿಸು ಸಂಜೆ" ಅಂದ.

ಹೀಗಿರುವಾಗ ಒಂದು ಆಗಸ್ಟ್ ಮಧ್ಯಾಹ್ನ ದಮಿಯಾನ್‌ನ ಕುರಿಗಳು ನಡುವಿನ ಕಲ್ಲುಗೋಡೆ ಬೀಳಿಸಿಕೊಂಡು ಉಂಬ್ರಿಯಾಕ್ಕೆ ನುಗ್ಗಿದವು. ಅವನ ಕಡೆ ಒಣ ಹುಲ್ಲೂ ಮುಗಿದು ಮಣ್ಣು ಕಾಣುತ್ತಿತ್ತು. ಇವಳ ಕಡೆ ಪೊದೆಗಳ ಅಂಚಿನಲ್ಲಿ ಹಸಿರು. ದೊಮಿತಿಲಾ ನಾಯಿ ಬಿಟ್ಟು, ಕೋಲು ಬೀಸಿ, ಬಾಯಿಗೆ ಬಂದದ್ದೆಲ್ಲ ಬೈದು ಹಿಂಡನ್ನು ಓಡಿಸಿದಳು. ಮುಂದಾಳು ಟಗರನ್ನು ಮಾತ್ರ ಕೊಂಬು ಹಿಡಿದೆಳೆದು ಕೊಟ್ಟಿಗೆಗೆ ಹಾಕಿ ಅಗಳಿ ಜಡಿದಳು. ಪರರ ಬಯಲು ಮೇಯ್ದ ಪ್ರಾಣಿಯನ್ನು ನಷ್ಟ ತುಂಬುವ ತನಕ ಹಿಡಿದಿಟ್ಟುಕೊಳ್ಳಬಹುದು. ಅದು ಆ ಊರಿನ ಹಳೇ ಪದ್ಧತಿ, ಯಾರೂ ಎದುರಾಡುವಂತಿಲ್ಲ.

ದಮಿಯಾನ್ ಬೆವರೊರೆಸಿಕೊಳ್ಳುತ್ತ ಬಂದ.

"ಏನಜ್ಜಿ, ಟಗರು ಕೊಡಿ. ನಾಲ್ಕು ಎಲೆ ತಿಂದಿರಬಹುದು, ಅದಕ್ಕೆ ಇಷ್ಟೊಂದಾ?"

"ನಾಲ್ಕು ಎಲೆ ಅಲ್ಲ. ನಾಲ್ಕು ಮರ."

"ಸರಿ, ಎಷ್ಟು ಕೊಡ್ಬೇಕು ಹೇಳಿ."

"ನಿನ್ನ ದುಡ್ಡು ಯಾರಿಗೆ ಬೇಕು? ಕೆಲಸ ಮಾಡಿ ತೀರಿಸು. ಪೊದೆ ಆಚೆ ತಲೆ ಹಾಕಿರೋ ಸಸಿ ಇದಾವಲ್ಲ, ಒಂದೊಂದಕ್ಕೂ ಮುಳ್ಳು ಕಡಿದು ಸುತ್ತ ಕಟ್ಟು. ಕುರಿ ಮೂತಿ ಒಳಗೆ ಹೋಗ್ಬಾರ್ದು."

"ಈ ಬಿಸಿಲಲ್ಲಾ?"

"ನಿನ್ನ ಕುರಿ ಬಂದಿದ್ದು ಬೆಳದಿಂಗಳಲ್ಲೇನೋ?"

ಅವನು ಗೊಣಗಿದ. ಟಗರು ಕೊಟ್ಟಿಗೆಯೊಳಗಿಂದ ಅರಚಿತು. ಬೇರೆ ದಾರಿ ಇಲ್ಲದೆ ಮಚ್ಚು ತೆಗೆದುಕೊಂಡ. ದೊಮಿತಿಲಾ ಓಕ್ ನೆರಳಲ್ಲಿ ಕಲ್ಲಂಗಡಿ ಕೊಯ್ದುಕೊಂಡು ಕೂತಳು. ಎವರಿಸ್ತೊನ ಮೊಮ್ಮಗ, ಎವರಿಸ್ತೊನದೇ ಅಗಲ ಹೆಗಲು, ಮಂಡಿಯೂರಿ ಇಲಾರಿಯೊನ ಮಗಳ ಸಸಿಗಳಿಗೆ ಮುಳ್ಳಿನ ಗೂಡು ಕಟ್ಟುತ್ತಿದ್ದ. ಬೆರಳಿಗೆ ಚುಚ್ಚಿ ರಕ್ತ ಬಂದಾಗ ಬಾಯಿಗೆ ಹಾಕಿಕೊಂಡು ಚೀಪಿದ.

"ಸಡಿಲ ಬಿಟ್ಟಿದೀಯ ಅಲ್ಲಿ. ಇನ್ನೊಂದು ಸುತ್ತು" ಅಂದಳು, ಬೀಜ ಉಗಿದು.

"ಅಜ್ಜಿ, ಇವು ಕಾಯಿ ಬಿಡೋದು ಯಾವಾಗ?"

"ನಿನ್ನ ಕೂದಲು ಬೆಳ್ಳಗಾದಾಗ."

"ಅಷ್ಟು ಹೊತ್ತಿಗೆ ನೀವಿರಲ್ಲವಲ್ಲ. ಆವಾಗ ಯಾರಿಗೆ ಇದು? ನಿಮಗೆ ಮಕ್ಕಳೂ ಇಲ್ಲ." ಅವನ ದನಿಯಲ್ಲಿ ಒಂದಿಷ್ಟು ಆಸೆ ಇತ್ತು. ಮುಚ್ಚಿಡುವಷ್ಟು ಜಾಣ ಅಲ್ಲ.

"ಊರಿಗೆ ಬರೆದಾಯ್ತು. ಯಾರ ಹಂದಿ ಬೇಕಾದ್ರೂ ಬಂದು ತಿನ್ಬಹುದು, ನಿನ್ನದೊಂದು ಬಿಟ್ಟು. ನಿನ್ನ ಹಂದಿ ಗೋಡೆ ಆಚೆ ನಿಂತು ವಾಸನೆ ನೋಡ್ಲಿ."

ದಮಿಯಾನ್ ಮಚ್ಚು ಕೆಳಗಿಟ್ಟು ಅವಳನ್ನು ನೋಡಿದ. "ಹಾಗಂತ ಬರೆಸಿದೀರಾ? ನಿಜವಾಗ್ಲೂ? ನಾನೇನು ಮಾಡಿದೀನಿ ನಿಮಗೆ?"

ದೊಮಿತಿಲಾ ಕಲ್ಲಂಗಡಿಯ ಇನ್ನೊಂದು ತುಂಡು ಎತ್ತಿಕೊಂಡಳು, ಕಚ್ಚದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಅವನ ತುಟಿ ಒಣಗಿ ಬಿರುಕು ಬಿಟ್ಟಿದ್ದು ಅವಳಿಗೆ ಕಾಣುತ್ತಿತ್ತು.

"ಒಂದು ಚೂರು ನೀರಾದ್ರೂ ಕೊಡಿ" ಅಂದ.

"ಬಾವಿ ಅಲ್ಲಿದೆ. ಹಗ್ಗ ಇದೆ, ಬಕೆಟ್ಟೂ ಇದೆ. ಸೇದ್ಕೋ" ಅಂದಳು. ಅವನು ಎದ್ದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಕೂಗಿದಳು. "ಕುಡಿದು ಉಳಿದಿದ್ದನ್ನ ಚೆಲ್ಲಬೇಡ. ಆ ಕೊನೇ ಸಸಿಗೆ ಹಾಕು, ಬಾಡಿದೆ."

ಅವನು ಹಾಕಿದ. ಆಮೇಲೆ ಮತ್ತೆ ಮಂಡಿಯೂರಿದ. ಇನ್ನೂ ಅರ್ಧ ಇಳಿಜಾರು ಬಾಕಿ ಇತ್ತು.